ಹತ್ತಬಾರದಿದ್ದ ಕೆಂಪು ದೀಪ

ತಂತಿಯಲ್ಲಿ ಎಷ್ಟು ಕರೆಂಟು ಹೋಗುತ್ತದೋ ಅಷ್ಟೇ ಕರೆಂಟು ವಾಪಸ್ ಬರಬೇಕು. ಒಂದು ತಂತಿಯಲ್ಲಿ ಹೋಗುತ್ತದೆ, ಪಕ್ಕದ ತಂತಿಯಲ್ಲಿ ಮರಳುತ್ತದೆ. ಕಡಿಮೆ ಬಂತು ಎಂದರೆ ಉಳಿದದ್ದು ಬೇರೆ ದಾರಿ ಹಿಡಿದಿದೆ ಎಂದರ್ಥ: ಯಂತ್ರದ ಮೈ, ಒದ್ದೆ ನೆಲ, ನೀರಿನ ಕೊಳವೆ, ಇಲ್ಲವೇ ಅದನ್ನು ಮುಟ್ಟಿಕೊಂಡು ನಿಂತ ಮನುಷ್ಯ. ಇದನ್ನು ಶಾಲೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಪರೀಕ್ಷೆ ಬರೆದು ಮನೆ ಸೇರುವಷ್ಟರಲ್ಲಿ ಮರೆತೂ ಬಿಟ್ಟಿದ್ದೇವೆ.

ಮರೆತವರ ಸಾಲಿನಲ್ಲಿ ಫ್ಯೂಸಣ್ಣನೂ ಇದ್ದ.

ಫ್ಯೂಸಣ್ಣ ಅನ್ನುವುದು ತಂದೆ ತಾಯಿ ಇಟ್ಟ ಹೆಸರಲ್ಲ, ಸಂಪಾದಿಸಿಕೊಂಡದ್ದು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ನೀರು ತೊಟ್ಟಿಕ್ಕುವ ಸಾಣೆಚಕ್ರಕ್ಕೆ ಗಾಜಿನ ಅಂಚು ಹಿಡಿದು, ಚೌಕಟ್ಟಿಗೆ ಕೂರುವ ಹಾಗೆ ಅರೆಯುವುದು ಅವನ ಕಸುಬು. ಗಿರಾಕಿಗಳು ಮುಂದಿನ ಕೋಣೆಯಲ್ಲೇ ಉಳಿಯುತ್ತಾರೆ. ಹಾಗಾಗಿ ಅವನು ಬೀದಿಯಲ್ಲಿ ಜನರನ್ನು ಗುರುತು ಹಿಡಿಯುವುದು ಮುಖದಿಂದಲ್ಲ, ಮೂಗಿನ ಮೇಲೆ ಕೂತ ಚೌಕಟ್ಟಿನಿಂದ. ಎದುರಿಗೆ ಬಂದವರಿಗೆ ನಮಸ್ಕಾರ ಹೇಳುವ ಮೊದಲು, 'ಬಲಗಡೆ ಕಡ್ಡಿ ಸಡಿಲ ಆಗಿದೆ, ಒಂದ್ಸಲ ಬನ್ನಿ' ಅನ್ನುವ ಆಸಾಮಿ. ಕೆಲಸ ಇಷ್ಟ, ಮನೆ ಇಷ್ಟ, ಹೆಂಡತಿ ಇಷ್ಟ. ಜೊತೆಗಿರುವ ಅತ್ತೆಯೂ ಇಷ್ಟವೇ, ಆದರೆ ಅದನ್ನು ಇಬ್ಬರೂ ಬಾಯಿಬಿಟ್ಟು ಒಪ್ಪುವವರಲ್ಲ.

ಅವನಿಗೊಂದು ಹುಚ್ಚು. ಬಾಲ್ಕನಿಯ ಮೂಲೆಯಲ್ಲಿ, ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ, ಬೆಸುಗೆ ಕಡ್ಡಿ, ಬಣ್ಣಬಣ್ಣದ ತಂತಿ, ಉಗುರಿನಷ್ಟೇ ಅಗಲದ ಬೋರ್ಡುಗಳು. ಅಂಗಡಿಯಿಂದ ಬಂದು ಕೈಕಾಲು ತೊಳೆದವನು ಅಲ್ಲಿ ಕೂತನೆಂದರೆ ಲೋಕ ಮುಳುಗಿದರೂ ಏಳುವುದಿಲ್ಲ. ಗಿಡದ ಕುಂಡ ಒಣಗಿದರೆ ಕೂಗುವ ಡಬ್ಬಿ ಮಾಡಿದ್ದ. ಅದು ನೀರು ಹಾಕಿದ ಮೇಲೂ ಕೂಗುತ್ತಲೇ ಇತ್ತು. ಬಾಗಿಲು ತೆರೆದಿಟ್ಟರೆ ಎಚ್ಚರಿಸುವ ಗಂಟೆ ಮಾಡಿದ್ದ. ಅದು ಬಾಗಿಲು ಮುಚ್ಚಿದಾಗ ಬಾರಿಸುತ್ತಿತ್ತು. ಮನೆಯವರಿಗೆ ಇದೆಲ್ಲ ಅಭ್ಯಾಸವಾಗಿತ್ತು.

ಹೆಸರು ಬಂದದ್ದು ಕರೆಂಟು ಅಳೆಯುವ ಮಾಡ್ಯೂಲ್ ತಂದ ದಿನ. ಚಿಕ್ಕ ಹಸಿರು ಬೋರ್ಡು, ಒಂದು ತುದಿಯಲ್ಲಿ ಎರಡು ತಿರುಪು. ತಂತಿಯನ್ನು ಕತ್ತರಿಸಿ, ಕತ್ತರಿಸಿದ ಎರಡು ತುದಿಗಳ ನಡುವೆ ಅದನ್ನು ಕೂರಿಸಬೇಕು. ಅದು ದಾರಿಯಲ್ಲಿ ಕೂತು ಹೋಗುವ ಗಾಡಿಗಳನ್ನು ಎಣಿಸುವ ಕಾವಲುಗಾರನಿದ್ದ ಹಾಗೆ. ನಮ್ಮ ಪುಣ್ಯಾತ್ಮ ಆ ಕಾವಲುಗಾರನನ್ನು ಹೋಗುವ ದಾರಿಗೂ ಬರುವ ದಾರಿಗೂ ನಡುವೆ ಸೇತುವೆ ಮಾಡಿ ಮಲಗಿಸಿಬಿಟ್ಟ. ಢಂ! ಮಾಡ್ಯೂಲು ಮಸಿಯಾಯಿತು, ಫ್ಯೂಸು ಹಾರಿ ಇಡೀ ಮಹಡಿ ಕತ್ತಲಾಯಿತು.

"ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ," ಅಂದರು ಅತ್ತೆ, ಮೇಣದಬತ್ತಿ ಹುಡುಕುತ್ತಾ. "ಫ್ಯೂಸಣ್ಣೋರೆ, ಊಟ ಈಗ ಬಡಿಸ್ಲಾ, ಇಲ್ಲ ಪಕ್ಕದ ಬೀದೀನೂ ಕತ್ತಲೆ ಮಾಡಿ ಬರ್ತೀರಾ?"

ಎದುರು ಮನೆಯವರು ಬಾಗಿಲಲ್ಲೇ ನಿಂತಿದ್ದರು. ಬೆಳಗಾಗುವಷ್ಟರಲ್ಲಿ ಕಟ್ಟಡಕ್ಕೆಲ್ಲ ಅವನು ಫ್ಯೂಸಣ್ಣ.

ಆ ಕಟ್ಟಡ ಹಳೆಯದು, ಲಿಫ್ಟ್ ಇಲ್ಲ. ನೆಲಮಟ್ಟದಲ್ಲಿ ಎಲ್ಲರಿಗೂ ಸೇರಿದ ಒಂದು ತೊಳೆಯುವ ಕೋಣೆ, ಅದರಲ್ಲಿ ಒಂದೇ ದೊಡ್ಡ ವಾಷಿಂಗ್ ಮಷಿನ್. ನೀರನ್ನು ತಾನೇ ಬಿಸಿ ಮಾಡಿಕೊಂಡು ತೊಳೆಯುವ ಗಟ್ಟಿ ಪಿಂಡ, ಆದರೆ ಯಾವಾಗ ಮುಗಿಸುತ್ತದೆ ಎಂದು ಅದರ ಅಪ್ಪನಾಣೆ ಯಾರಿಗೂ ಗೊತ್ತಿಲ್ಲ. ಮುಗಿದಿರಬಹುದು ಎಂದು ಇಳಿದು ಬಂದರೆ ಇನ್ನೂ ಗರಗರ ಸುತ್ತುತ್ತಿರುತ್ತದೆ. ಇನ್ನೊಂದಿಷ್ಟು ಹೊತ್ತು ಬಿಟ್ಟು ಬಂದರೆ, ಕಾದು ಬೇಸತ್ತ ಮತ್ತೊಬ್ಬರು ನಿಮ್ಮ ಒಳ ಉಡುಪನ್ನೆಲ್ಲ ಕಲ್ಲಿನ ಮೇಲೆ ಪ್ರದರ್ಶನಕ್ಕಿಟ್ಟು ತಮ್ಮದನ್ನು ತುಂಬಿರುತ್ತಾರೆ. ಕಟ್ಟಡದ ಅರ್ಧ ಜಗಳ ಹುಟ್ಟುತ್ತಿದ್ದದ್ದು ಅಲ್ಲೇ.

ಮನೆಯ ಬಟ್ಟೆ ಅತ್ತೆಯ ಖಾತೆ. ಅವರು ಒಂದು ಕಾಲದಲ್ಲಿ ಇಸ್ತ್ರಿ ಅಂಗಡಿ ನಡೆಸಿದವರು. ಬಟ್ಟೆಯನ್ನು ಮಗಳ ಕೈಗೂ ಕೊಡುವುದಿಲ್ಲ, ಅಳಿಯನ ಕೈಗಂತೂ ಸುತರಾಂ ಇಲ್ಲ. ಆದರೆ ಮೊಣಕಾಲು ಅವರ ಮಾತು ಕೇಳುತ್ತಿರಲಿಲ್ಲ. ಮೂರನೆಯ ಮಹಡಿಯಿಂದ ಇಳಿದು, ಆಗಿಲ್ಲವೆಂದು ಹತ್ತಿ, ಮತ್ತೆ ಇಳಿದು, ಏದುಸಿರು ಬಿಡುತ್ತಾ ಕುರ್ಚಿಗೆ ಬೀಳುವುದನ್ನು ನೋಡಿದ ಫ್ಯೂಸಣ್ಣನಿಗೆ ತಲೆಯಲ್ಲಿ ಮಿಂಚು ಹೊಡೆಯಿತು.

"ಅತ್ತೆ, ನಮ್ಮ ಬಾಗಿಲ ಪಕ್ಕ ಒಂದು ದೀಪ ಹಾಕ್ತೀನಿ. ಮಷಿನ್ನು ತಿರುಗ್ತಿದ್ರೆ ಕೆಂಪು, ನಿಂತ್ರೆ ಹಸಿರು. ಹಸಿರು ಬಂದ ಮೇಲೆ ಇಳಿದ್ರಾಯ್ತು."

"ಬಟ್ಟೆ ಸುಡಲ್ಲ ತಾನೆ?"

"ಛೇ ಛೇ."

"ಕಟ್ಟಡ?"

ಕಟ್ಟಡದ ಸಂಘದ ಕಾರ್ಯದರ್ಶಿಯೂ ಅದನ್ನೇ ಕೇಳಿದರು. ಕಡೆಗೆ ಒಂದು ಷರತ್ತು ಹಾಕಿ ಒಪ್ಪಿದರು: ಮಷಿನ್ನಿನ ತಂತಿಗೆ ಕತ್ತರಿ ತಾಗಿಸಕೂಡದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೂ ಫ್ಯೂಸಣ್ಣನ ಬಳಿ ಉಪಾಯವಿತ್ತು. ಕತ್ತರಿಸದೆಯೇ ಕರೆಂಟು ಅಳೆಯುವ ಇನ್ನೊಂದು ಬಗೆಯ ಮಾಡ್ಯೂಲ್ ಸಿಗುತ್ತದೆ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನ ಹಾಗೆ ಬಾಯಿ ತೆರೆದು ತಂತಿಯನ್ನು ಅಪ್ಪಿಕೊಳ್ಳುತ್ತದೆ, ಒಳಗೆ ಹರಿಯುವುದನ್ನು ಹೊರಗಿನಿಂದಲೇ ಲೆಕ್ಕ ಹಾಕುತ್ತದೆ. ತಂದ, ಮಷಿನ್ನಿನ ದಪ್ಪ ಕರಿ ತಂತಿಗೆ ಕಚ್ಚಿಸಿದ, ಮೆಟ್ಟಿಲ ಗೋಡೆಗುಂಟ ತೆಳು ತಂತಿ ಎಳೆದು ಮೇಲೆ ದೀಪದ ಡಬ್ಬಿ ಕೂರಿಸಿದ.

ಮಷಿನ್ನು ಅಬ್ಬರಿಸುತ್ತಿದ್ದರೂ ಮಾಡ್ಯೂಲು ತೋರಿಸಿದ ಅಂಕಿ ಇರುವೆಯಷ್ಟು. ಅಷ್ಟು ದೊಡ್ಡ ಯಂತ್ರ ಇಷ್ಟೇ ಕರೆಂಟು ಕುಡಿಯುವುದುಂಟೆ? ಹವ್ಯಾಸದವರಿಗೆ ಇರುವ ಒಂದು ರೋಗ ಇಲ್ಲಿ ಕೆಲಸ ಮಾಡಿತು. ಅಂಕಿ ಯಾಕೆ ಹೀಗಿದೆ ಎಂದು ಅವರು ಕೇಳುವುದಿಲ್ಲ, ಅಂಕಿಯನ್ನು ಹೇಗೆ ದಾರಿಗೆ ತರುವುದು ಎಂದಷ್ಟೇ ನೋಡುತ್ತಾರೆ. ಅಗ್ಗದ ಮಾಲು, ಕಿವಿ ಮಂದ ಎಂದುಕೊಂಡ ಫ್ಯೂಸಣ್ಣ ಬೋರ್ಡಿನ ಮೇಲಿದ್ದ ಪುಟ್ಟ ತಿರುಪನ್ನು ತಿರುಚುತ್ತಾ ಹೋದ. ಅಂಕಿ ಏರಿತು. ಮಷಿನ್ನು ಹಾಕಿದರೆ ಕೆಂಪು, ಆರಿಸಿದರೆ ಹಸಿರು. ಭೇಷ್!

ಹೀಗೆ ಅವನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಡಬ್ಬಿ ಹೇಳಿದ ಕೆಲಸ ಮಾಡಿತು. ಕೆಳಗಿನ ಮಹಡಿಯವರೂ ಹತ್ತಿ ಬಂದು ದೀಪ ನೋಡಿ ಹೋದರು. ಜಗಳ ಕಡಿಮೆಯಾದವು. ಮೆಟ್ಟಿಲಲ್ಲಿ ಸಿಕ್ಕವರು 'ನಮಗೂ ಒಂದು ಮಾಡ್ಕೊಡಿ' ಅನ್ನತೊಡಗಿದರು. ಅತ್ತೆ ಕೂಡ ಪಕ್ಕದ ಮನೆಯಾಕೆಗೆ, ಅಳಿಯ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಪರವಾಗಿಲ್ಲ, ತಲೇಲಿ ಬರೀ ಕೂದ್ಲಿಲ್ಲ" ಅಂದರಂತೆ. ಹೆಂಡತಿ ಬಂದು ಹೇಳಿದಾಗ ಅವನು ಆ ದಿನವೆಲ್ಲ ಸಾಣೆಚಕ್ರದ ಮುಂದೆ ಗುನುಗುತ್ತಿದ್ದ.

ಅತ್ತೆಗೆ ಮಾತ್ರ ಒಂದು ದೂರು ಉಳಿದಿತ್ತು. ಅದು ದೀಪಕ್ಕಿಂತ ಹಳೆಯದು.

"ಆ ಮಷಿನ್ನು ಕಚ್ಚುತ್ತೆ ಕಣ್ರೋ. ಮುಟ್ಟಿದ್ರೆ ಬೆರಳಿಗೆ ಜುಂ ಅನ್ಸುತ್ತೆ."

ಇದನ್ನು ಕೇಳಿದವರು ಏನೇನು ಹೇಳಿದರು ನೋಡಿ. ಮಗಳು, "ವಯಸ್ಸಾಯ್ತಲ್ಲಮ್ಮ, ನರದ ತೊಂದ್ರೆ ಇರ್ಬೇಕು, ಡಾಕ್ಟ್ರಿಗೆ ತೋರ್ಸೋಣ" ಅಂದಳು. ಎದುರು ಮನೆಯವರು, ಒಣಹವೆಗೆ ಬಟ್ಟೆಯಲ್ಲೇ ಹುಟ್ಟುವ ಕಿಡಿ ಅದು ಅಂದರು. ತೊಳೆಯುವ ಕೋಣೆಯ ನೆಲ ಒದ್ದೆಯಿಲ್ಲದ ದಿನವೇ ಇಲ್ಲ, ಅಲ್ಲಿ ಎಲ್ಲಿಯ ಒಣಹವೆ! ಕಾರ್ಯದರ್ಶಿ ನಕ್ಕು, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಮಷಿನ್ ಅಭ್ಯಾಸ ಇಲ್ಲ ಅವರಿಗೆ" ಅಂದರು. ಫ್ಯೂಸಣ್ಣ, ಕರೆಂಟಿನ ಬಗ್ಗೆ ನಾಲ್ಕಕ್ಷರ ತಿಳಿದವನು, "ರಬ್ಬರ್ ಚಪ್ಪಲಿ ಹಾಕ್ಕೊಳ್ಳಿ ಅತ್ತೆ" ಅಂದ. ಒಬ್ಬೊಬ್ಬರೂ ಮುದುಕಿಗೆ ಒಂದೊಂದು ಮದ್ದು ಕೊಟ್ಟರು. ಮಷಿನ್ನಿನ ನಾಡಿ ಹಿಡಿದು ನೋಡಿದವರು ಒಬ್ಬರೂ ಇಲ್ಲ. ಕಚ್ಚಿಸಿಕೊಂಡವರನ್ನೇ ರೋಗಿ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ರಬ್ಬರ್ ಚಪ್ಪಲಿ ಸೋಪಿನ ನೀರಿಗೆ ಜಾರುತ್ತಿತ್ತು. ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಜುಂ ವಾಸಿ ಎಂದು ಅತ್ತೆ ಬರಿಗಾಲಲ್ಲೇ ಹೋಗುತ್ತಿದ್ದರು. ಅಡುಗೆಮನೆಯಿಂದ ಒಂದು ಮರದ ಸೌಟು ಒಯ್ದು, ಅದರ ಹಿಡಿಯಿಂದ ಮಷಿನ್ನಿನ ಗುಂಡಿ ಒತ್ತುತ್ತಿದ್ದರು. ನೋಡಿದವರಿಗೆ ನಗು. "ಏನಜ್ಜಿ, ಪಾಯಸ ಕದಡ್ತಿದೀರಾ?" ಅತ್ತೆಯೂ ಸುಮ್ಮನಿರುವವರಲ್ಲ. "ಹೂಂ ಕಣಪ್ಪ, ಬಾ, ನಿನ್ನ ನಾಲಿಗೆ ಚಾಚು, ಬಡಿಸ್ತೀನಿ" ಅನ್ನುತ್ತಿದ್ದರು.

ಫ್ಯೂಸಣ್ಣನಿಗೆ ಅಂಗಡಿಯ ರಜೆ ಇದ್ದ ಒಂದು ಬೆಳಿಗ್ಗೆ ಅವನು ಇನ್ನೊಂದು ಕ್ಲಿಪ್ ಮಾಡ್ಯೂಲ್ ತರಲು ಹೊರಟ. ಎರಡನೆಯ ಮಹಡಿಯವರ ಸ್ನಾನದ ನೀರಿನ ಹೀಟರಿಗೆ ಅಂಥದೇ ದೀಪ ಬೇಕಿತ್ತು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ ಒಂದು ಗಲ್ಲಿಯ ಕೊನೆಗಿತ್ತು. ನೆಲದಿಂದ ಚಾವಣಿಯವರೆಗೆ ಪ್ಲಾಸ್ಟಿಕ್ ಖಾನೆಗಳು, ಅವುಗಳ ನಡುವೆ ಗೂಡಿನಲ್ಲಿ ಕೂತ ಹಕ್ಕಿಯಂತೆ ಅಂಗಡಿಯ ಒಡತಿ. ಆಕೆಗೆ ನಯವಿನಯ ಅಂದರೆ ಅಲರ್ಜಿ. ಮಾಲು ಕೊಡುವ ಮೊದಲು ಯಾತಕ್ಕೆಂದು ಕೇಳಿ, ಬೈದು, ಆಮೇಲೆ ಕೊಡುವವಳು.

"ಹೋದ್ಸಲ ಒಯ್ದಿದ್ದು ಸುಟ್ಟಾಯ್ತಾ?"

"ಇಲ್ಲ ಮೇಡಂ, ಸೂಪರಾಗಿ ನಡೀತಿದೆ." ಫ್ಯೂಸಣ್ಣ ಎದೆಯುಬ್ಬಿಸಿ ಫೋನಿನಲ್ಲಿ ಚಿತ್ರ ತೋರಿಸಿದ.

ಆಕೆ ಕನ್ನಡಕ ಏರಿಸಿ ನೋಡಿದಳು. (ಎಡ ಕಡ್ಡಿ ಸಡಿಲ ಎಂದು ಇವನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.) ನೋಡಿದವಳು ಗಹಗಹಿಸಿ ನಕ್ಕಳು.

"ಅಯ್ಯೋ ಮಹಾರಾಯ, ಇಡೀ ತಂತಿಗೇ ಕಚ್ಚಿಸಿದೀರಲ್ರೀ! ಅದರೊಳಗೆ ಹೋಗೋ ತಂತಿ, ಬರೋ ತಂತಿ ಎರಡೂ ಇವೆ. ಹೋಗಿದ್ದನ್ನ ಕೂಡುತ್ತೆ, ಬಂದಿದ್ದನ್ನ ಕಳೆಯುತ್ತೆ. ಒಂದೇ ತಂತಿ ಬಿಡಿಸಿ ಹಾಕ್ಬೇಕು. ಹೀಗೆ ಹಾಕಿದ್ರೆ ಸೊನ್ನೆ ಬರುತ್ತೆ, ದೊಡ್ಡ ಸೊನ್ನೆ."

"ಇಲ್ವಲ್ಲ ಮೇಡಂ. ಕೆಂಪು ದೀಪ ಚೆನ್ನಾಗೇ ಹತ್ತುತ್ತೆ."

"ಹತ್ತಲ್ಲ."

"ಹತ್ತುತ್ತೆ ಅಂತೀನಲ್ಲ. ದಿನಾ ನೋಡ್ತೀನಿ."

ಆಕೆಯ ನಗು ನಿಂತಿತು. ಫೋನನ್ನು ಮತ್ತೆ ಹತ್ತಿರ ಹಿಡಿದಳು.

"ಹತ್ತಬಾರ್ದು ಕಣ್ರೀ ಅದು. ಹತ್ತುತ್ತೆ ಅಂದ್ರೆ ಹೋದಷ್ಟು ಕರೆಂಟು ಆ ತಂತೀಲಿ ವಾಪಸ್ ಬರ್ತಿಲ್ಲ ಅಂತ. ಎಲ್ಲೋ ಸೋರ್ತಿದೆ." ಧ್ವನಿ ತಗ್ಗಿತು. "ಆ ಮಷಿನ್ನನ್ನ ಮುಟ್ಟೋರು ಯಾರು?"

ಫ್ಯೂಸಣ್ಣ ಅವಳ ಕೈಯಿಂದ ಫೋನು ಕಿತ್ತುಕೊಂಡ. ಜುಂ ಅನ್ಸುತ್ತೆ ಕಣ್ರೋ. ಮರದ ಸೌಟು. ಬರಿಗಾಲು. ಇವತ್ತು ಹಾಸಿಗೆ ಹೊದಿಕೆ ಒಗೆಯುವ ದಿನ, ಅವನು ಹೊರಡುವಾಗಲೇ ಅತ್ತೆ ಬುಟ್ಟಿ ತುಂಬಿಸುತ್ತಿದ್ದರು. ಇಷ್ಟು ದಿನ ಅವನು ಹೆಮ್ಮೆಯಿಂದ ತೋರಿಸುತ್ತಾ ಬಂದ ದೀಪ, ಅತ್ತೆಯ ಬೆರಳನ್ನು ಕಚ್ಚುತ್ತಿದ್ದ ಅದೇ ಕಳ್ಳ ಕರೆಂಟಿನ ಲೆಕ್ಕದಿಂದ ಬೆಳಗುತ್ತಿತ್ತು!

ಮನೆಗೆ ಫೋನು ಹಚ್ಚಿದ.

"ಅತ್ತೆ ಎಲ್ಲಿ?"

"ಕೆಳಗೆ ರೀ, ಬಟ್ಟೆ ಹಾಕೋಕೆ. ದೀಪ ಕೆಂಪಿದೆ. ಯಾಕೆ?"

"ಓಡು. ಮೆಟ್ಟಿಲ ಕೆಳಗೆ ತೊಳೆಯೋ ಕೋಣೇದು ದೊಡ್ಡ ಸ್ವಿಚ್ ಇದೆಯಲ್ಲ, ಒಣಗಿದ ಕೈಯಲ್ಲಿ ಅದನ್ನ ಎಳೆದುಬಿಡು. ಮಷಿನ್ ಮುಟ್ಬೇಡ. ಅತ್ತೇನೂ ಮುಟ್ಬೇಡ, ಮೊದ್ಲು ಸ್ವಿಚ್ಚು. ಫೋನ್ ಇಡ್ಬೇಡ!"

ಅವಳು ಯಾಕೆಂದು ಕೇಳಲಿಲ್ಲ. ಅದಕ್ಕೇ ಅವಳನ್ನು ಕಂಡರೆ ಅವನಿಗೆ ಅಷ್ಟು ಗೌರವ. ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಪಟಪಟ, ಪಟಪಟ. ಉಸಿರು. ಬಾಗಿಲು. ಏನೋ ಠಕ್ಕೆಂದಿತು. ಆಮೇಲೆ ಏನೂ ಇಲ್ಲ. ಅಂಗಡಿಯ ಒಡತಿ ಮೇಜಿನಾಚೆಯಿಂದ ಎದ್ದು ನಿಂತಿದ್ದಳು. ಆ ಗಳಿಗೆಯಲ್ಲಿ ಫ್ಯೂಸಣ್ಣ ಏನೇನು ಹರಕೆ ಹೊತ್ತನೋ ಅವನಿಗೇ ಗೊತ್ತು.

"ನನ್ನ ಹೊದಿಕೇನ ನೊರೇಲೇ ನಿಲ್ಸಿದ ಘನಂದಾರಿ ಯಾರು?" ಫೋನಿನ ಆ ಕಡೆಯಿಂದ ಅತ್ತೆಯ ಗಂಟಲು ಗುಡುಗಿತು. "ನಿನ್ನ ಗಂಡನಾ? ಎಲ್ಲಿ ಕೊಡು ಇಲ್ಲಿ ಫೋನು!"

ಅಷ್ಟು ಸೊಗಸಾದ ಬೈಗುಳವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಹೋದ ಜೀವ ಬಂತು. ಕೊಳ್ಳಲು ಬಂದದ್ದನ್ನು ಕೊಳ್ಳದೆಯೇ ಓಡಿದ.

ಅವನು ಮನೆ ಮುಟ್ಟುವಷ್ಟರಲ್ಲಿ ತೊಳೆಯುವ ಕೋಣೆಯ ಮುಂದೆ ಬುಟ್ಟಿಗಳ ಸಾಲು, ಬುಟ್ಟಿಗಳ ಹಿಂದೆ ಮುಖ ಊದಿಸಿಕೊಂಡ ಜನ. ಕಾರ್ಯದರ್ಶಿ ಸ್ವಿಚ್ಚಿನ ಹತ್ತಿರ ಕೈ ಕಟ್ಟಿ ನಿಂತಿದ್ದರು.

"ಏನ್ರೀ ಫ್ಯೂಸಣ್ಣ, ನಿಮ್ಮ ಆಟದ ಸಾಮಾನಿನ ಮಾತು ಕೇಳಿ ಕಟ್ಟಡದ ಮಷಿನ್ ನಿಲ್ಸೋದಾ? ನಿಮ್ಮ ಡಬ್ಬಿಗಳು ಎಷ್ಟು ಸಲ ಸುಳ್ಳು ಹೇಳಿಲ್ಲ?"

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಕೂಗುವ ಕುಂಡದ ಕಥೆ ಕಟ್ಟಡಕ್ಕೆಲ್ಲ ಗೊತ್ತಿತ್ತು. ಈಗ ಅವನ ಮುಂದೆ ಎರಡೇ ದಾರಿ. ಸುಮ್ಮನೆ 'ಕರೆಂಟು ಸೋರುತ್ತಿದೆ' ಎಂದು ವಾದ ಮಾಡಿ ತನ್ನ ದೀಪದ ಮರ್ಯಾದೆ ಉಳಿಸಿಕೊಳ್ಳಬಹುದು. ಆಗ ಯಾರೂ ನಂಬುವುದಿಲ್ಲ, ಸ್ವಿಚ್ಚು ಮತ್ತೆ ಮೇಲೇರುತ್ತದೆ, ಅತ್ತೆ ಮತ್ತೆ ಸೌಟು ಹಿಡಿಯುತ್ತಾರೆ. ಇಲ್ಲವೇ ಕಟ್ಟಡದವರೆಲ್ಲ ಹೊಗಳಿದ ತನ್ನ ಏಕೈಕ ಯಶಸ್ಸನ್ನು ಅವರೆದುರಿಗೇ ಒಡೆದು ತೋರಿಸಬೇಕು.

"ದೀಪ ನಾನು ತಪ್ಪಾಗಿ ಕಟ್ಟಿದ್ದು," ಅಂದ. ನಗುವವರು ನಕ್ಕರು. "ನಗಿ, ಪರವಾಗಿಲ್ಲ. ಸರಿಯಿರೋ ಯಂತ್ರದ ಮೇಲೆ ಕೆಂಪು ಹತ್ತಲೇಬಾರ್ದು. ನೋಡಿ ಬೇಕಾದ್ರೆ."

ಹೆಂಡತಿಯನ್ನು ಮೇಲೆ ದೀಪದ ಮುಂದೆ ನಿಲ್ಲಿಸಿದ. ಎರಡನೆಯ ಮಹಡಿಯವರು ಮೆಟ್ಟಿಲಲ್ಲಿ ನಿಂತು ಕೂಗಿಗೆ ಮರುಕೂಗು ಕೊಡುವ ಹೊಣೆ ಹೊತ್ತರು. ಮನೆಯ ಇಸ್ತ್ರಿ ಪೆಟ್ಟಿಗೆ ತಂದು, ಪಕ್ಕದ ಒಣ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿ, ಕ್ಲಿಪ್ಪನ್ನು ಮಷಿನ್ನಿನ ತಂತಿಯಿಂದ ಬಿಡಿಸಿ ಇಸ್ತ್ರಿ ಪೆಟ್ಟಿಗೆಯ ತಂತಿಗೆ ಕಚ್ಚಿಸಿದ. ಇಸ್ತ್ರಿ ಪೆಟ್ಟಿಗೆ ಕಾದು ಹೊಗೆಯಾಡುವಷ್ಟಾಯಿತು.

"ಹಸಿರೂ!" ಮೇಲಿಂದ.

"ಹಸಿರಂತೆ!" ನಡುವಿನಿಂದ.

ಕ್ಲಿಪ್ಪು ಮತ್ತೆ ಮಷಿನ್ನಿಗೆ ಬಂತು. ಎಲ್ಲರನ್ನೂ ದೂರ ಸರಿಸಿ ದೊಡ್ಡ ಸ್ವಿಚ್ಚನ್ನು ಏರಿಸಿದ. ಮಷಿನ್ನು ಗುರುಗುಟ್ಟಿತು.

"ಕೆಂಪೂ!"

ಸ್ವಿಚ್ಚು ಇಳಿಸಿದ. ಬುಟ್ಟಿಗಳ ಸಾಲು ಇನ್ನೊಂದು ಹೆಜ್ಜೆ ಹಿಂದೆ ಸರಿಯಿತು. ಅತ್ತೆ ಸೌಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು.

"ಅಲ್ರಪ್ಪಾ," ಅಂದರು ನಿಧಾನಕ್ಕೆ, "ಇಷ್ಟು ದಿನ ನನ್ನ ಬೆರಳು ಹೇಳಿದ್ದು ಸುಳ್ಳು. ಇವತ್ತು ಒಂದು ದೀಪ ಹೇಳಿದ್ದು ಸತ್ಯ. ಅದೂ ತಪ್ಪಾಗಿ ಕಟ್ಟಿದ ದೀಪ!"

ಅಳಿಯ ತಲೆ ತಗ್ಗಿಸಿ, "ಚಪ್ಪಲಿ ಹಾಕ್ಕೊಳ್ಳಿ ಅಂದಿದ್ದು ನಾನೇ ಅತ್ತೆ" ಅಂದ. ಅತ್ತೆ ಸೌಟಿನ ಹಿಡಿಯಿಂದ ಅವನ ತಲೆಗೆ ಮೆಲ್ಲಗೆ ಒಂದು ಕುಟ್ಟಿದರು. ಲೆಕ್ಕ ಅಲ್ಲಿಗೆ ಚುಕ್ತಾ.

ಎಲೆಕ್ಟ್ರಿಷಿಯನ್ ಬಂದು ಮಷಿನ್ನಿನ ಬೆನ್ನು ಬಿಚ್ಚಿದ. ನೀರು ಕಾಯಿಸುವ ಸುರುಳಿಯ ಕವಚ ಬಿರುಕು ಬಿಟ್ಟಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ತ್ ತಂತಿ ಪ್ಲಗ್ಗಿನೊಳಗೆ ಮಡಚಿ ಟೇಪು ಸುತ್ತಿಸಿಕೊಂಡು ಮಲಗಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಕರೆಂಟು ಸೋರಿದರೆ ತಾನಾಗಿ ಬೀಳುವ ಟ್ರಿಪ್ ಸ್ವಿಚ್ ಆ ಕೋಣೆಗೆ ಇತ್ತು. ಅದನ್ನು ಬದಿಗೆ ಸರಿಸಿ ತಂತಿಯನ್ನು ನೇರ ಜೋಡಿಸಿದ್ದರು.

"ಅದು ಪದೇ ಪದೇ ಬೀಳ್ತಿತ್ತು ಕಣ್ರೀ," ಅಂದರು ಕಾರ್ಯದರ್ಶಿ. ಮುಖ ಬಾಡಿತ್ತು. "ಬಟ್ಟೆ ಅರ್ಧಕ್ಕೆ ನಿಲ್ಲುತ್ತೆ ಅಂತ ಎಲ್ಲರೂ ನನ್ನ ಮನೆ ಬಾಗಿಲಿಗೆ ಬಂದು ಬೈತಿದ್ರು. ಮಷಿನ್ ನಡೆದ್ರೆ ಸಾಕು ಅಂತ..."

ಕೆಟ್ಟ ಮನುಷ್ಯರಲ್ಲ ಅವರು. ಬೈದವರೂ ಕೆಟ್ಟವರಲ್ಲ. ಆದರೆ ಕೆಟ್ಟವರಿಲ್ಲದೆಯೇ ಜನ ಸಾಯುವುದು ಹೀಗೆ. ಆ ಸ್ವಿಚ್ಚು ಬೀಳುತ್ತಿದ್ದದ್ದು ಕೆಟ್ಟಿದ್ದಕ್ಕಲ್ಲ, ಅದು ತನ್ನ ಕೆಲಸ ಮಾಡುತ್ತಿತ್ತು. ಅದರ ಬಾಯಿ ಕಟ್ಟಿದರು. ಆಮೇಲೆ ಒಬ್ಬ ಮುದುಕಿಯ ಬೆರಳು ಅದೇ ಮಾತು ಹೇಳಿತು, ಅದಕ್ಕೆ ನರದ ರೋಗದ ಪಟ್ಟ ಕಟ್ಟಿದರು. ಫ್ಯೂಸಣ್ಣನ ಅಡ್ನಾಡಿ ಮಾಡ್ಯೂಲಿಗೆ ಒಂದೇ ಒಂದು ಅದೃಷ್ಟವಿತ್ತು, ಅದು ಯಂತ್ರವಾಗಿತ್ತು. ಯಂತ್ರದ ಮಾತು ಕೇಳಲು ನಮಗೆ ಅವಮಾನವಿಲ್ಲ.

ಸುರುಳಿ ಬದಲಾಯಿತು, ಅರ್ತ್ ತಂತಿ ತನ್ನ ಜಾಗಕ್ಕೆ ಬಂತು, ಟ್ರಿಪ್ ಸ್ವಿಚ್ ಮತ್ತೆ ಕಾವಲಿಗೆ ನಿಂತಿತು. ಕಾರ್ಯದರ್ಶಿ ತಾವೇ ಮೊದಲ ಬುಟ್ಟಿ ಹೊತ್ತು ತಂದರು. ಅದೂ ತಮ್ಮ ಮನೆಯದಲ್ಲ, ಅತ್ತೆಯದು. ಮಷಿನ್ನು ತಿರುಗಿತು, ಮೇಲೆ ದೀಪ ಹಸಿರಾಗಿಯೇ ಉಳಿಯಿತು. ಅದರ ಮುಂದೆ ನಿಂತು ಫ್ಯೂಸಣ್ಣ ಹಲ್ಲು ಬಿಟ್ಟು ನಗುತ್ತಿದ್ದ.

"ಕೆಟ್ಟು ಕೂತ ದೀಪ ನೋಡಿ ಖುಷಿಪಡೋ ಅಳಿಯ ನನಗೊಬ್ಬಳಿಗೇ ಸಿಕ್ಕಿದ್ದು," ಅಂದರು ಅತ್ತೆ. "ಮತ್ತೆ ನನ್ನ ಮೊಣಕಾಲಿನ ಗತಿ?"

"ನಾಳೆ ಸರಿ ಮಾಡ್ತೀನಿ ಅತ್ತೆ. ಕಾರ್ಯದರ್ಶಿಗಳು ತಂತಿ ಬಿಡಿಸೋಕೆ ಒಪ್ಪಿದಾರೆ. ಈ ಸಲ ಒಂದೇ ತಂತಿಗೆ ಹಾಕ್ತೀನಿ."

"ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತಿರ್ಬೇಕು."

"ನಿಂತಿರ್ತಾರೆ."

"ನಾನೂ ನಿಂತಿರ್ತೀನಿ."

ಹಾಗೆಯೇ ಆಯಿತು. ಈಗ ಕೆಂಪು ಕೆಂಪೇ, ಹಸಿರು ಹಸಿರೇ. ಅತ್ತೆ ಗುಂಡಿಯನ್ನು ಬೆರಳಲ್ಲೇ ಒತ್ತುತ್ತಾರೆ. ಅಳಿಯ ಸಂಜೆ ಬಾಲ್ಕನಿಯಲ್ಲಿ ಬೆಸುಗೆ ಕಡ್ಡಿ ಕಾಯಿಸುತ್ತಿದ್ದರೆ ಹತ್ತಿರ ಕುರ್ಚಿ ಎಳೆದುಕೊಂಡು, "ಇದೇನು ಸುಡೋಕೆ ಹೊರಟಿದೀರಿ?" ಎಂದು ಕೇಳುತ್ತಾ ಕೂರುತ್ತಾರೆ. ಅವನು ವಿವರಿಸುತ್ತಾನೆ, ಅವರು ಅರ್ಧಕ್ಕೇ ತೂಕಡಿಸುತ್ತಾರೆ. ಇಬ್ಬರಿಗೂ ಅದೇ ಸುಖ.

ಇದನ್ನು ಓದಿದ ನೀವು 'ಪಾಪ, ಒಳ್ಳೇದಾಯ್ತು' ಎಂದು ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು, ನೀರಿನ ಪಂಪು ಹಾಕುವವರು ಯಾರಾದರೂ 'ಮುಟ್ಟಿದರೆ ಜುಂ ಅನ್ಸುತ್ತೆ' ಅಂದಿದ್ದಾರೆಯೇ? ನೀವು ಅವರಿಗೆ ಏನು ಹೇಳಿದಿರಿ? ಈಗಲೇ ಎದ್ದು ಹೋಗಿ, ಆ ಯಂತ್ರದ ಸ್ವಿಚ್ಚು ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅವನು ಬಂದು ನೋಡುವವರೆಗೆ ಯಾರ ಕೈಯನ್ನೂ ಅದರ ಮೇಲೆ ಇಡಿಸಬೇಡಿ.